ಗುಳಿಗೆಯಿಲ್ಲದ ಗೋದಾಮು

ಬಿಸಿಲು ಇನ್ನೂ ಎದುರು ಸಾಲಿನ ಸೂರು ದಾಟಿಲ್ಲ. ಕಂಬಳಿ ಗೋದಾಮಿನ ದೊಡ್ಡ ಬಾಗಿಲಿಗೆ ಭುಜ ಕೊಟ್ಟು ನೂಕಿ, ಅದು ಮೊಳದಷ್ಟು ಸರಿದ ಮೇಲೂ ಆಕೆ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲಲ್ಲೇ ನಿಂತು, ಕಣ್ಣು ಮುಚ್ಚಿ, ಮೂಗಿನ ತುಂಬ ಒಂದು ಉಸಿರು ಎಳೆದುಕೊಳ್ಳುತ್ತಾಳೆ. ಉಣ್ಣೆಯ ಜಿಡ್ಡು, ಗೋಣಿ, ಬೇಸಿಗೆಯ ಮೊದಲಲ್ಲಿ ಗೋಡೆಗೆ ಬಳಿದ ಸುಣ್ಣ. ಬೇರೇನೂ ಇಲ್ಲ. "ಸರಿ" ಎಂದು ತನಗೆ ತಾನೇ ಹೇಳಿಕೊಂಡು, ತಲೆಗೆ ಬಟ್ಟೆ ಬಿಗಿದು, ಒಳಗೆ ಹೋಗಿ ಮೊದಲ ಕಿಟಕಿಯ ಚಿಲಕ ತೆಗೆಯುತ್ತಾಳೆ.

ಬೆಳಕು ಬಿದ್ದ ಕಡೆಯೆಲ್ಲ ಕಂಬಳಿಯ ಅಟ್ಟಿಗಳು. ಬೂದು, ಕಂದು, ಕೆಂಪು ಗೆರೆಯವು, ಆಸ್ಪತ್ರೆಯ ನೀಲಿಯವು, ಈಚೆಗೆ ಕೊಂಡ ಕೆಲವು ಬಿಳಿಯವು. ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಚಳಿಗಾಲದಲ್ಲಿ ಹಾಸ್ಟೆಲಿಗೆ, ಆಸ್ಪತ್ರೆಗೆ, ಲಾಡ್ಜಿಗೆ ಬಾಡಿಗೆಗೆ ಹೋಗುವ ಇವು ಸೆಕೆ ಶುರುವಾಗುತ್ತಿದ್ದಂತೆ ಇಲ್ಲಿಗೆ ಮರಳುತ್ತವೆ. ಮರಳಿದ್ದನ್ನು ಝಾಡಿಸಿ, ತೂತು ಬಿದ್ದಿದ್ದರೆ ರಫು ಮಾಡಿ, ಮಡಿಸಿ, ಮುಂದಿನ ಚಳಿಯವರೆಗೆ ನುಸಿ ತಿನ್ನದಂತೆ ಕಾಯುವುದು ಒಂಬತ್ತು ಹೆಂಗಸರ ಕೆಲಸ. ಅವರಲ್ಲಿ ಹಿರಿಯಳು ಈಕೆ. ಐವತ್ತರ ಆಚೀಚೆ ವಯಸ್ಸು, ಕಡ್ಡಿಯಂಥ ಮೈ, ಬಡಗಿಯ ಕೈಯಂಥ ಕೈ. ಮೂವತ್ತು ವರ್ಷ ಉಣ್ಣೆ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಮಾಸಿಹೋಗಿದೆ. ಗೋದಾಮಿನವರಿಗೂ ಬೀದಿಯವರಿಗೂ ಆಕೆ ಕಂಬಳಿಯಕ್ಕ.

"ಏನಕ್ಕಾ, ಗೋದಾಮಿಗೆ ನೆಗಡಿ ಆಗಿದೆಯಾ ಅಂತ ನೋಡ್ತಿದೀಯಾ?"

ಹಿಂದಿನಿಂದ ಬಂದ ಈ ಮಾತಿಗೆ ಅಟ್ಟಿಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಓಡುತ್ತದೆ. ಮಾತಾಡಿದವಳು ಗುಡುಗಮ್ಮ. ಇಪ್ಪತ್ತು ವರ್ಷದಿಂದ ಕಂಬಳಿಯಕ್ಕನ ಜೋಡಿ ಇವಳು. ಒಬ್ಬಳು ಈ ತುದಿ ಹಿಡಿದರೆ ಇನ್ನೊಬ್ಬಳು ಆ ತುದಿ. ಪಿಸುಮಾತಾಡಿದರೂ ಮೂರನೇ ಮನೆಗೆ ಕೇಳುವ ಗಂಟಲಾದ್ದರಿಂದ ಆ ಹೆಸರು ತಾನಾಗಿಯೇ ಅಂಟಿಕೊಂಡಿದೆ.

"ನಿನ್ನ ಗಂಟಲಿಗೆ ನೆಗಡಿ ಆಗ್ಲಿ. ಬಾ, ಹಿಡ್ಕೋ" ಎನ್ನುತ್ತಾಳೆ ಕಂಬಳಿಯಕ್ಕ.

"ಇವತ್ತು ಹಿಡ್ಕೊಳ್ಳೋದೇನಿದೆ? ಇವತ್ತು ಬಿಚ್ಚೋದು. ಯಜಮಾನ್ರು ಬರ್ತಾರೆ, ಬಿಚ್ತಾರೆ, ತೂತು ಕಂಡ್ರೆ ನಮ್ಮನ್ನೂ ಬಿಚ್ಚಿ ಬಿಸಾಕ್ತಾರೆ."

ನಗೆಯಾಡಿದರೂ ಇಬ್ಬರ ಕಣ್ಣೂ ಅಟ್ಟಿಗಳ ಮೇಲೆಯೇ ಇವೆ. ಇವತ್ತು ಅಟ್ಟಿ ಬಿಚ್ಚುವ ದಿನ. ಈ ಬೇಸಿಗೆಯಲ್ಲಿ, ಗೋದಾಮು ಕಟ್ಟಿದ ಮೇಲೆ ಮೊದಲ ಸಲ, ಡಾಂಬರು ಗುಳಿಗೆ ಹಾಕದೆ ಕಂಬಳಿ ಕಾದಿದ್ದಾರೆ. ನುಸಿ ತಿಂದದ್ದು ಕಡಿಮೆಯಿದ್ದರೆ ಮುಂದೆಯೂ ಹೀಗೆಯೇ. ಹೆಚ್ಚಿದ್ದರೆ ನಾಳೆಯೇ ಗುಳಿಗೆಯ ಚೀಲಗಳು ಒಳಗೆ ಬರುತ್ತವೆ, ಮತ್ತು ಕಂಬಳಿಯಕ್ಕ ಹೊರಗೆ ಹೋಗಬೇಕಾಗುತ್ತದೆ. ಗುಳಿಗೆಯೂ ತನ್ನ ಮೊಮ್ಮಗನೂ ಒಂದೇ ಸೂರಿನಡಿ ಇರುವಂತಿಲ್ಲ. ಮೊಮ್ಮಗನಿರುವುದು ತನ್ನ ಮನೆಯಲ್ಲಿ, ಗುಳಿಗೆಯ ವಾಸನೆ ಮೈಗಂಟಿಕೊಂಡು ಅಲ್ಲಿಗೂ ಬರುತ್ತದೆ. ಮಗಳಿಗೆ ಈಗ ಮತ್ತೆ ಎಂಟು ತಿಂಗಳು. ಲಾರಿಯ ಜೊತೆ ಊರೂರು ತಿರುಗುವ ತನ್ನ ಗಂಡ, ಎರಡು ತಿಂಗಳಿಗೊಮ್ಮೆ ಮುಖ ತೋರಿಸುವ ಅಳಿಯ. ಒಲೆ ಉರಿಯುವುದು ಈ ಗೋದಾಮಿನ ಕೂಲಿಯಿಂದ.

ಬಿಳಿ ಗೋಲಿಯಷ್ಟಿರುವ ಆ ಗುಳಿಗೆ ಯಾರ ಮನೆಯ ಪೆಟ್ಟಿಗೆಯಲ್ಲಿಲ್ಲ? ಒಂದೆರಡು ಹಾಕಿಟ್ಟರೆ ಬಟ್ಟೆಗೆ ಹುಳ ಬೀಳುವುದಿಲ್ಲ. ಗೋದಾಮಿಗೆ ಬರುತ್ತಿದ್ದದ್ದು ಚೀಲಗಟ್ಟಲೆ. ಅದೂ ಗೋಣಿಯಲ್ಲಲ್ಲ, ತೆಳುವಾದ ಬಿಳಿ ಹತ್ತಿಬಟ್ಟೆಯ ಚೀಲಗಳಲ್ಲಿ. ಗುಳಿಗೆ ಸುರಿದ ಮೇಲೆ ಖಾಲಿ ಚೀಲ ಹೆಂಗಸರ ಪಾಲು. ಹೊಲಿಗೆ ಬಿಚ್ಚಿ ನಾಲ್ಕು ಸಲ ಒಗೆದರೆ ಬೆಣ್ಣೆಯಂತೆ ಮೆತ್ತಗಾಗುತ್ತಿತ್ತು. ಅಂಗಡಿಯಲ್ಲಿ ಕಾಸು ಕೊಟ್ಟರೂ ಅಂಥ ಬಟ್ಟೆ ಸಿಗುತ್ತಿರಲಿಲ್ಲ. ಜೊತೆಯವಳೊಬ್ಬಳು ಬಸುರಿ ಎಂದು ಗೊತ್ತಾದರೆ ಸಾಕು, ಉಳಿದವರು ಆ ವರ್ಷದ ಚೀಲಗಳನ್ನೆಲ್ಲ ಅವಳಿಗೆಂದೇ ತೆಗೆದಿಡುತ್ತಿದ್ದರು. ಮಗುವಿಗೆ ಸುತ್ತಲು, ಕೆಳಗೆ ಹಾಸಲು. ಇರುವೆ ಹತ್ತಿರ ಸುಳಿಯುವುದಿಲ್ಲ, ಸೊಳ್ಳೆ ಬರುವುದಿಲ್ಲ ಎಂದು ಬೇರೆ ಹೊಗಳಿಕೆ. ಬರಿಗೈಯವರು ಒಬ್ಬರಿಗೊಬ್ಬರು ಕೊಡಬಹುದಾಗಿದ್ದ ಉಡುಗೊರೆ ಅದೊಂದೇ.

"ನನ್ನ ಮೊದಲನೇ ಬಸಿರಿಗೆ ಆರು ಚೀಲ ಕೊಟ್ಟಿದ್ರು" ಎನ್ನುತ್ತಾಳೆ ಕಂಬಳಿಯಕ್ಕ, ಒಂದು ಕಂಬಳಿಯ ಅಂಚಿನ ಮೇಲೆ ಬೆರಳು ಓಡಿಸುತ್ತ. "ರಾಣಿ ಹಾಗೆ ಮೆರೆದೆ."

ಆ ಮಗು ಗಂಡು. ಮೂರನೇ ದಿನ ಕಣ್ಣಿನ ಬಿಳಿ ಹಳದಿಯಾಯಿತು, ನಾಲ್ಕನೇ ದಿನ ಅಂಗಾಲು. ಎಳೆಬಿಸಿಲಿಗೆ ಹಿಡಿಯಿರಿ, ಸರಿಹೋಗುತ್ತದೆ ಎಂದರು. ಹಿಡಿದಳು. ಆರನೇ ದಿನ ಮಗು ಮೊಲೆ ಚೀಪುವುದನ್ನು ಮರೆತಂತೆ ಬಾಯಿ ತೆರೆದುಕೊಂಡೇ ಇತ್ತು. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ಅಂದ ಮಾತು ಇದು: "ನಿನ್ನ ಹಾಲಲ್ಲೇ ವಿಷ ಇದೆ."

ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಅದೇ ಮನೆ, ಅದೇ ಚಾಪೆ, ಅದೇ ಚೀಲದ ಬಟ್ಟೆ, ವಿಷವಿದೆಯೆಂದು ಹೆಸರಾದ ಅದೇ ಹಾಲು. ಈ ಮಗು ಮಾತ್ರ ಕುಂಬಳದ ಮಿಡಿಯಂತೆ ದಿನದಿನಕ್ಕೆ ದುಂಡಗಾಯಿತು. ಗುಡುಗಮ್ಮನ ನಾಲ್ವರು ಗಂಡುಮಕ್ಕಳೂ ಅಂಥ ಬಟ್ಟೆಯಲ್ಲೇ ಸುತ್ತಿಸಿಕೊಂಡವರು. ಈಗ ಒಬ್ಬೊಬ್ಬ ಒಂದೊಂದು ಬಾಗಿಲಿನಷ್ಟು ಅಗಲ. ಹೀಗಿರುವಾಗ ಬಟ್ಟೆಯ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ಬೆಂಕಿಯಾದರೆ ಎಲ್ಲರ ಕೈಯನ್ನೂ ಸುಡಬೇಕಲ್ಲವೇ? ಒಬ್ಬನನ್ನು ಸುಟ್ಟು ಇನ್ನೊಬ್ಬನನ್ನು ಬೆಚ್ಚಗಿಡುವ ಬೆಂಕಿಯನ್ನು ಯಾರೂ ಕಂಡಿರಲಿಲ್ಲ. ಆದ್ದರಿಂದ ದೂರು ಹಾಲಿನ ಮೇಲೆ ಬಂತು, ಹಣೆಯ ಬರಹದ ಮೇಲೆ ಬಂತು. ಬಟ್ಟೆ ಒಗೆದು ಒಣಗಿ ಮುಂದಿನ ಬಾಣಂತಿಯ ಮನೆಗೆ ಹೋಯಿತು.

ಕಳೆದುಹೋದ ಮಗುವಿನ ಲೆಕ್ಕ ಬಿಡಿಸಿದ್ದು ಇಪ್ಪತ್ತೈದು ವರ್ಷದ ಮೇಲೆ, ಮಗಳ ಮಗು. ಅದಕ್ಕೂ ಗೋದಾಮಿನವರು ಪ್ರೀತಿಯಿಂದ ಚೀಲ ಕೂಡಿಸಿಟ್ಟಿದ್ದರು. ಅದೂ ಗಂಡೇ. ಅದಕ್ಕೂ ಮೂರನೇ ದಿನವೇ ಕಣ್ಣು ಹಳದಿ. ಈ ಸಲ ಕಂಬಳಿಯಕ್ಕ ಬಿಸಿಲಿಗೆ ಹಿಡಿಯುತ್ತ ಕೂರಲಿಲ್ಲ. ಮಗುವನ್ನು ಎದೆಗವಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಆಸ್ಪತ್ರೆಗೆ ಓಡಿದಳು. ಮಕ್ಕಳ ಡಾಕ್ಟರಮ್ಮ ಮಗುವನ್ನು ಕೈಗೆ ತೆಗೆದುಕೊಂಡವರು ಮುಖ ಕಿವುಚಿದರು.

"ಏನಮ್ಮ ಇದು ವಾಸನೆ?"

"ಯಾವ ವಾಸನೆ, ತಾಯಿ?"

ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಅಷ್ಟು ವರ್ಷ ಆ ಗಾಳಿಯಲ್ಲೇ ಉಸಿರಾಡಿದ ಮೂಗಿಗೆ ಅದು ಗಾಳಿಯೇ ಆಗಿಬಿಟ್ಟಿತ್ತು. ಡಾಕ್ಟರಮ್ಮ ಬಟ್ಟೆ ಬಿಚ್ಚಿಸಿ ಹೊರಗೆ ಹಾಕಿಸಿದರು. ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಮೈಯಲ್ಲಿದ್ದ ರಕ್ತ ತೆಗೆದು ಹೊಸ ರಕ್ತ ತುಂಬಿದರು. ಮೂರು ದಿನ ಕಂಬಳಿಯಕ್ಕ ಬಾಗಿಲ ಗಾಜಿಗೆ ಹಣೆ ಒತ್ತಿಕೊಂಡೇ ನಿಂತಿದ್ದಳು. ನಾಲ್ಕನೇ ದಿನ ಒಳಗಿನಿಂದ ಅಳು ಕೇಳಿತು, ಹಸಿದ ಮಗುವಿನ ರೇಗಿದ ಅಳು. ಅಷ್ಟು ಚಂದದ ಸದ್ದನ್ನು ತಾನು ಕೇಳಿಯೇ ಇಲ್ಲ ಎನ್ನುತ್ತಾಳೆ.

ಆಮೇಲೆ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದ್ದನ್ನು ಆಕೆ ಈಗ ಯಾರು ಕೇಳಿದರೂ ತನ್ನ ಮಾತಿನಲ್ಲಿ ಹೇಳುತ್ತಾಳೆ. ಕೈಯಲ್ಲಿ ಸದಾ ಕಂಬಳಿ ಇರುವುದರಿಂದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ.

"ಎರಡು ಕಂಬಳಿ ಇದೆ ಅಂದ್ಕೋ. ಒಂದಕ್ಕೆ ಅಂಚು ಹೊಲಿದಿದೆ, ಒಂದಕ್ಕಿಲ್ಲ. ಹೊದ್ಕೊಂಡ್ರೆ ಎರಡೂ ಒಂದೇ ಬೆಚ್ಚಗೆ. ವ್ಯತ್ಯಾಸವೇ ಗೊತ್ತಾಗಲ್ಲ. ಆದ್ರೆ ಮೊಳೆಗೆ ಸಿಕ್ತು ಅಂದ್ಕೋ, ಅಂಚಿದ್ದದ್ದು ತಡ್ಕೊಳ್ಳುತ್ತೆ, ಅಂಚಿಲ್ಲದ್ದು ಸರಸರ ಬಿಚ್ಚಿಕೊಂಡು ಹೋಗುತ್ತೆ. ನನ್ನ ಮೊಮ್ಮಗನ ರಕ್ತ ಅಂಚಿಲ್ಲದ ಕಂಬಳಿ. ಆ ಗುಳಿಗೆ ಮೊಳೆ. ಮೊಳೆ ಕೀಳೋದು ಬಿಟ್ಟು ಕಂಬಳಿಗೆ ಬೈದು ಏನು ಬಂತು ಹೇಳು?"

ರಕ್ತದ ಕೆಂಪು ಕಣಗಳನ್ನು ಕಾಯುವ ವಸ್ತುವೊಂದು ಎಲ್ಲರ ಮೈಯಲ್ಲೂ ತಯಾರಾಗುತ್ತದೆ. ಕೆಲವರಲ್ಲಿ ಅದು ಕಡಿಮೆ. ಕಡಿಮೆಯಿದ್ದವರು ಉಂಡು, ಆಡಿ, ದುಡಿದು, ಮುದುಕರಾಗುವವರೆಗೂ ಏನೂ ತಿಳಿಯದೆ ಇರಬಹುದು. ಡಾಂಬರು ಗುಳಿಗೆಯಂಥ, ಕೆಲವು ಔಷಧಿಗಳಂಥ ಒಂದು ಪೆಟ್ಟು ಬಿದ್ದಾಗ ಮಾತ್ರ ಕಣಗಳು ರಾಶಿರಾಶಿಯಾಗಿ ಒಡೆಯುತ್ತವೆ. ಈ ಕೊರತೆ ತಾಯಿಯಿಂದ ಬರುವ ಎಳೆಯಲ್ಲಿ ಕೂತಿರುತ್ತದೆ. ಹೆಣ್ಣಿಗೆ ತಂದೆಯದೂ ತಾಯಿಯದೂ ಸೇರಿ ಎರಡು ಎಳೆ. ಒಂದು ಸಡಿಲವಾದರೆ ಇನ್ನೊಂದು ಹೆಚ್ಚಾಗಿ ಕೈಹಿಡಿಯುತ್ತದೆ. ಗಂಡಿಗೆ ತಾಯಿ ಕೊಟ್ಟದ್ದೊಂದೇ. ತಾಯಿಯ ಎರಡರಲ್ಲಿ ಯಾವುದು ಯಾವ ಮಗುವಿಗೆ ಬಂತೆಂಬುದು ಚಿಮ್ಮಿದ ನಾಣ್ಯದಷ್ಟೇ ಅನಿಶ್ಚಿತ. ಗುಡುಗಮ್ಮನ ನಾಲ್ವರೂ ಬಾಗಿಲಗಲ ಬೆಳೆದದ್ದು ಹಾಗೆ, ಇವಳ ಮೊದಲನೆಯವನು ಆರು ದಿನ ಇದ್ದು ಹೋದದ್ದು ಹೀಗೆ.

"ಹಾಗಾದ್ರೆ ನನ್ನಿಂದಾನೇ ಬಂತು" ಎಂದು ಅವತ್ತು ಕಂಬಳಿಯಕ್ಕ ತಲೆ ತಗ್ಗಿಸಿದಳಂತೆ.

"ನಿಮಗೆ ನಿಮ್ಮ ಅಮ್ಮನಿಂದ ಬಂದಿರಬಹುದು, ಅವರಿಗೆ ಅವರ ಅಮ್ಮನಿಂದ" ಎಂದರು ಡಾಕ್ಟರಮ್ಮ. "ಬೇಕಂತ ಯಾರೂ ಕೊಟ್ಟಿದ್ದಲ್ಲ. ಇನ್ನೊಂದು ಕೇಳಿ. ಹಿಂದೆ ಚಳಿಜ್ವರ ಬಂದ್ರೆ ಊರಿಗೆ ಊರೇ ಮಲಗ್ತಿತ್ತು. ಆ ಜ್ವರದ ಕ್ರಿಮಿಗೆ ಇಂಥ ರಕ್ತ ಅಷ್ಟಾಗಿ ಒಗ್ಗಲ್ಲ. ಇಂಥವರಲ್ಲಿ ಎಷ್ಟೋ ಜನ ಅದಕ್ಕೇ ಬದುಕಿ ಉಳಿದ್ರು. ಅವರು ಉಳಿದದ್ದಕ್ಕೇ ನೀವು ಇದೀರಿ, ಈ ಕೂಸು ಇದೆ."

ಇದನ್ನು ಹೇಳುವಾಗ ಕಂಬಳಿಯಕ್ಕ ಕೆಲಸ ನಿಲ್ಲಿಸುತ್ತಾಳೆ. ಮುಂಗೈ ತಿರುಗಿಸಿ, ಮಣಿಕಟ್ಟಿನ ಹಸಿರು ನರವನ್ನು ಹೊಸದಾಗಿ ಕಂಡವಳಂತೆ ನೋಡುತ್ತಾಳೆ. ತಾನು ಕಾಣದ ಯಾವುದೋ ಊರು, ಹೆಸರೂ ಉಳಿಯದ ಯಾವುದೋ ಮುತ್ತಜ್ಜಿಯ ಮುತ್ತಜ್ಜಿ, ಮನೆಮನೆಯಲ್ಲೂ ನಡುಗುವ ಜನ, ಅವರ ನಡುವೆ ಜ್ವರಕ್ಕೆ ಸೋಲದೆ ಎದ್ದು ನೀರು ಸೇದಲು ಹೋದ ಒಬ್ಬ ಹೆಂಗಸು. ಅವಳನ್ನು ಉಳಿಸಿದ್ದೇ ಸಾವಿರ ವರ್ಷ ನಡೆದು ಬಂದು, ಗುಳಿಗೆಯ ಗೋದಾಮಿನಲ್ಲಿ ಇವಳ ಮಗನನ್ನು ತೆಗೆದುಕೊಂಡಿತು. "ರಕ್ತ ಕೆಟ್ಟದ್ದಲ್ಲ ಕಣ್ರೀ. ಅದು ಬಂದ ಊರು ಬೇರೆ, ಈಗಿರೋ ಊರು ಬೇರೆ ಆಯ್ತು, ಅಷ್ಟೆ" ಎನ್ನುತ್ತಾಳೆ.

ಚೀಲದ ಬಟ್ಟೆ ಮನೆಗೊಯ್ಯುವುದು ಆ ವಾರವೇ ನಿಂತಿತು. ಆದರೆ ಅಷ್ಟು ಸುಲಭವಾಗಿ ಅಲ್ಲ. "ನನ್ನ ನಾಲ್ಕೂ ಮಕ್ಕಳು ಸತ್ತವಾ? ಡಾಕ್ಟರಿಗೇನು, ಬಾಯಿ ಇದೆ ಆಡ್ತಾರೆ" ಎಂದು ಗುಡುಗಮ್ಮ ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದಳು. ತಾನು ಕೂಡಿಸಿಟ್ಟ ಉಡುಗೊರೆಯನ್ನು ವಿಷ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಒಂದು ರಜೆಯ ದಿನ ಡಾಕ್ಟರಮ್ಮನೇ ಗೋದಾಮಿಗೆ ಬಂದು, ಮುಚ್ಚಿದ ಅಟ್ಟಿಯ ಮೇಲೆ ಕೂತು, ಒಪ್ಪಿದವರ ರಕ್ತ ತೆಗೆದುಕೊಂಡು ಹೋದರು. ಕೊನೆಗೆ ಒಂಬತ್ತು ಜನರೂ ಒಪ್ಪಿದರು. ಕಂಬಳಿಯಕ್ಕನನ್ನು ಬಿಟ್ಟು ಇನ್ನೊಬ್ಬಳ ರಕ್ತದಲ್ಲೂ ಆ ಸಡಿಲ ಎಳೆ ಕಂಡಿತು. ಯಾರದೆಂದು ಡಾಕ್ಟರಮ್ಮ ಆ ಹೆಂಗಸೊಬ್ಬಳಿಗೇ ಹೇಳಿದರು. ಆಕೆ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ, ಉಳಿದವರು ಕೇಳಿಲ್ಲ. ಎಂಟು ಜನರಲ್ಲಿ ಯಾರೆಂದು ತಿಳಿಯದ ಮೇಲೆ ಯಾರನ್ನು ಹೀಯಾಳಿಸುವುದು?

ಬಟ್ಟೆ ನಿಂತರೂ ಗುಳಿಗೆ ಉಳಿಯಿತು. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಬೆಳೆದ ಮಗುವಿಗೆ ಸಾಕು ಎಂದು ಡಾಕ್ಟರಮ್ಮ ಹೇಳಿದ್ದರು. ಕಂಬಳಿಯಕ್ಕನಿಗೆ ಸಾಲದು. ಬೀದಿ ನಲ್ಲಿಯ ಹಿಂದೆ ತಗಡು ಕಟ್ಟಿಕೊಂಡು, ಚಳಿಯಲ್ಲೂ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಲ್ಲಿ ಮನೆಗೆ ಬಂದರೂ ಮೊಮ್ಮಗನನ್ನು ಎತ್ತಲು ಕೈ ಬರುತ್ತಿರಲಿಲ್ಲ. ಅವನು ಅಂಬೆಗಾಲಿಕ್ಕಿ ಬಂದರೆ ಅವಳು ಹಿಂದೆ ಸರಿಯುತ್ತಿದ್ದಳು. ಅವನಿಗದು ಆಟ ಅನ್ನಿಸಿ ಕೇಕೆ ಹಾಕಿ ಅಟ್ಟಿಸಿಕೊಂಡು ಬರುತ್ತಿದ್ದ. "ಅಜ್ಜಿ ಸೋತ್ಲು" ಎಂಬುದು ಅವನು ಕಲಿತ ಮೊದಲ ಎರಡು ಮಾತು. ಮಗಳು ಮತ್ತೆ ಬಸುರಿಯೆಂದು ತಿಳಿದ ದಿನ ಕಂಬಳಿಯಕ್ಕ ಯಜಮಾನರ ಮುಂದೆ ಹೋಗಿ ನಿಂತಳು.

"ಗುಳಿಗೆ ಬೇಡ ಯಜಮಾನ್ರೇ. ಬಿಸಿಲಲ್ಲಿ ಕಾಯ್ತೀವಿ."

"ನಾಲ್ಕು ಸಾವಿರ ಕಂಬಳಿನಾ? ನಿನಗೇನು ಬಿಸಿಲು ತಲೆಗೇರಿದೆಯಾ?"

"ಆಗಲ್ಲ ಅಂದ್ರೆ ನಾನು ಬರಲ್ಲ."

"ಬರದೆ ಏನ್ ಮಾಡ್ತೀಯಾ?"

"ಏನೋ ಮಾಡ್ತೀನಿ. ಗೊತ್ತಿಲ್ಲ."

ಯಜಮಾನರು ಕೆಟ್ಟವರಲ್ಲ, ಲೆಕ್ಕದವರು. ಇವಳಂತೆ ರಫು ಮಾಡುವ ಕೈ ಸುತ್ತಲಲ್ಲೆಲ್ಲೂ ಇಲ್ಲವೆಂಬುದೂ ಅವರ ಲೆಕ್ಕದಲ್ಲಿತ್ತು. "ಒಂದು ಬೇಸಿಗೆ ಕೊಡ್ತೀನಿ. ಪ್ರತಿವರ್ಷಕ್ಕಿಂತ ಹೆಚ್ಚು ತಿಂದಿದ್ರೆ ಗುಳಿಗೆ ವಾಪಸ್. ಆಗ ಕಣ್ಣೀರು ಹಾಕ್ಬೇಡ" ಎಂದರು.

ನುಸಿಗೆ ಬೇಕಾದದ್ದು ಕತ್ತಲೆ, ನೆಮ್ಮದಿ, ಒಂದಿಷ್ಟು ಬೆವರಿನ ಜಿಡ್ಡು. ಆ ಮೂರೂ ಸಿಗದಂತೆ ನೋಡಿಕೊಂಡರೆ ಅದು ನಿಲ್ಲುವುದಿಲ್ಲ. ಹೇಳುವುದು ಸುಲಭ. ಗೋಡೆಗೆಲ್ಲ ಸುಣ್ಣ ಬಳಿದು, ಮೊಳೆ ಹೊಡೆದು ಮುಚ್ಚಿದ್ದ ಕಿಟಕಿಗಳನ್ನು ಬಿಚ್ಚಿದರು. ಹಿಂದಿನ ತಗಡಿನ ಮಾಡಿನ ಮೇಲೆ ಕಂಬಳಿ ಹರಡಿ, ಒಂದು ಮಗ್ಗುಲು ಕಾದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿಸಿ, ಮಡಿಕೆಯ ಗೆರೆಯಲ್ಲಿ ಒರಟು ಬ್ರಷ್ಷಿನಿಂದ ತಿಕ್ಕಿ, ಇಬ್ಬರು ಹಿಡಿದು ಝಾಡಿಸಿ, ತಣಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮತ್ತೆ ಎತ್ತರಕ್ಕೆ ಪೇರಿಸಬೇಕು. ದಿನಕ್ಕೆ ಇನ್ನೂರರಷ್ಟು. ಕೊನೆಯ ಅಟ್ಟಿ ಮುಗಿಯುವಷ್ಟರಲ್ಲಿ ಮೊದಲನೆಯದರ ಸರದಿ ಮತ್ತೆ ಬಂದಿರುತ್ತದೆ. ಒಂದೊಂದು ಕಂಬಳಿಯೂ ಬೇಸಿಗೆಗೆ ಮೂರು ಸಲ ಬಿಸಿಲು ಕಂಡಿರಬೇಕು. ತಗಡಿನ ಕಾವಿಗೆ ಅಂಗಾಲು ಬೊಬ್ಬೆ ಬಂದು, ಬೊಬ್ಬೆ ಗಟ್ಟಿಯಾಗಿ, ಈಗ ಕಂಬಳಿಯಕ್ಕನ ಪಾದ ಹಳೆಯ ಚಪ್ಪಲಿಯಂತಾಗಿದೆ. ಈ ಅವಧಿಯಲ್ಲಿ ಆಕೆಗೆ ಒಂದು ಲಾಭವಾಯಿತು. ಮೂಗು ಮರಳಿ ಬಂತು. ಮಳೆ ಬರುವ ಮೊದಲಿನ ಮಣ್ಣಿನ ವಾಸನೆ ಮೂವತ್ತು ವರ್ಷದ ಮೇಲೆ ಸಿಕ್ಕಿದಾಗ, ತಗಡಿನ ಮೇಲೆಯೇ ಕೂತು ಅತ್ತಳಂತೆ.

ಯಜಮಾನರು ಬರುವಷ್ಟರಲ್ಲಿ ಬಿಸಿಲು ನೆಲಕ್ಕಿಳಿದಿದೆ. ಕೈಯಲ್ಲಿ ಒಂದು ಟಾರ್ಚು, ಮುಖದಲ್ಲಿ ಯಾವ ಭಾವವೂ ಇಲ್ಲ. ಮೊದಲ ಅಟ್ಟಿಯ ಚೀಲಗಳು ಬಿಚ್ಚುತ್ತವೆ. ಇಬ್ಬರು ಹೆಂಗಸರು ಕಂಬಳಿಯನ್ನು ಬೆಳಕಿಗೆ ಅಡ್ಡ ಹಿಡಿಯುತ್ತಾರೆ. ತೂತಿದ್ದರೆ ಅಲ್ಲೊಂದು ನಕ್ಷತ್ರ ಮಿಂಚುತ್ತದೆ. ಮಿಂಚುವುದಿಲ್ಲ. ಎರಡನೆಯದು, ಹತ್ತನೆಯದು, ಇನ್ನೊಂದು ಅಟ್ಟಿ. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೆ. ಉಳಿದವರು ಮೆಲ್ಲಗೆ ಉಸಿರು ಬಿಡತೊಡಗಿದಾಗಲೂ ಕಂಬಳಿಯಕ್ಕನ ಮುಷ್ಟಿ ಬಿಚ್ಚಿಲ್ಲ.

ಬಡಗಣ ಮೂಲೆಯ ಅಟ್ಟಿ ಬಿಚ್ಚಿದಾಗ ಮೊದಲ ಕಂಬಳಿಯೇ ಜರಡಿ. ಬೆಳಕಿಗೆ ಹಿಡಿದರೆ ಅದರ ತುಂಬ ನಕ್ಷತ್ರ. ಅದರ ಕೆಳಗಿನದೂ ಹಾಗೆಯೇ, ಅದರ ಕೆಳಗಿನದೂ. ಝಾಡಿಸಿದರೆ ನೆಲದ ಮೇಲೆ ರವೆಯಂತೆ ಹಿಕ್ಕೆ ಉದುರುತ್ತದೆ. ಐವತ್ತು ಅರವತ್ತು ಕಂಬಳಿ ಕೈಬಿಟ್ಟು ಹೋಗಿವೆ. ಯಜಮಾನರು ಟಾರ್ಚು ಆರಿಸುತ್ತಾರೆ.

"ನೋಡಿದ್ಯೇನಮ್ಮ?"

"ನೋಡಿದೆ, ಯಜಮಾನ್ರೇ."

"ನಾನೇನು ಮಾಡ್ಲಿ ಹೇಳು."

ಕಂಬಳಿಯಕ್ಕ ನುಸಿ ತಿಂದುಹೋದ ಕಂಬಳಿಯನ್ನು ತೊಡೆಯ ಮೇಲೆಳೆದುಕೊಂಡು, ತೂತಿನ ಸುತ್ತ ಬೆರಳಾಡಿಸುತ್ತ, ಇದನ್ನು ರಫು ಮಾಡಬಹುದೇ ಎಂದು ನೋಡುವವಳಂತೆ ಕೂತಿದ್ದಾಳೆ. ಮಾಡಲಾಗದೆಂದು ಕೈಗೆ ಗೊತ್ತಾಗಿದೆ. ತಲೆಯ ಬಟ್ಟೆ ಬಿಚ್ಚಿ ಮಡಿಸಿಕೊಳ್ಳುತ್ತಾಳೆ. ಹೊರಡುವವರು ಮಾಡುವ ಕೆಲಸ ಅದು.

ಆಗ ಕೇಳುತ್ತದೆ ಗುಡುಗಮ್ಮನ ದನಿ. ಆದರೆ ಎಂದಿನದಲ್ಲ, ಹತ್ತಿರದವರಿಗೂ ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟು ಸಣ್ಣದು.

"ಆ ಮೂಲೆ ನಂದು."

"ಏನು?" ಎನ್ನುತ್ತಾರೆ ಯಜಮಾನರು.

"ಆ ಮೂಲೆ ನನ್ನ ಪಾಲಿಗೆ ಬಿಟ್ಟಿದ್ಲು ಅಕ್ಕ. ಮೂರು ಸಲ ಬಿಸಿಲಿಗೆ ಹಾಕು ಅಂದ್ಲು. ಮೊದಲನೇ ಸಲ ಹಾಕಿದೆ. ಆಮೇಲೆ ಹಾಕಿಲ್ಲ. ಚೀಲದ ಬಾಯಿ ಬಿಚ್ಚಿ ಕಟ್ಟಿ ಆಯ್ತು ಅಂದೆ." ಒಂದು ಸಲ ಮೂಗು ಒರೆಸಿಕೊಂಡು, "ಸೊಂಟ ನೋವು ಅಂತ ಅಲ್ಲ. ನನಗೆ ಇವಳ ಮಾತಿನ ಮೇಲೆ ನಂಬಿಕೆ ಇರ್ಲಿಲ್ಲ. ನಾಲ್ಕು ಮಕ್ಕಳು ಗಟ್ಟಿಮುಟ್ಟಾಗಿ ಮನೇಲಿರುವಾಗ ಹೇಗೆ ನಂಬ್ಲಿ?" ಎನ್ನುತ್ತಾಳೆ.

ಯಜಮಾನರು ಮತ್ತೆ ಟಾರ್ಚು ಹಾಕುತ್ತಾರೆ. ಮೂಲೆಯ ಅಟ್ಟಿಯನ್ನೊಮ್ಮೆ, ಅದಕ್ಕೆ ಮೈ ತಾಗಿಸಿ ನಿಂತ ಪಕ್ಕದ ಅಟ್ಟಿಯನ್ನೊಮ್ಮೆ ನೋಡುತ್ತಾರೆ. ಒಂದೇ ಗೋಡೆ, ಒಂದೇ ಕತ್ತಲೆ, ಒಂದೇ ಜಾತಿಯ ಉಣ್ಣೆ. ಒಂದು ಜರಡಿ, ಇನ್ನೊಂದರಲ್ಲಿ ಹುಳದ ಸುಳಿವಿಲ್ಲ. ಪಕ್ಕದ ಅಟ್ಟಿಯಿಂದ ಮತ್ತೆರಡು ಕಂಬಳಿಯನ್ನು ತಾವೇ ಎಳೆದು ಬೆಳಕಿಗೆ ಹಿಡಿದು ನೋಡುತ್ತಾರೆ. ಲೆಕ್ಕದ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ.

"ಅಂದ್ರೆ, ಬಿಸಿಲು ಕಂಡದ್ದು ಉಳೀತು" ಎನ್ನುತ್ತಾರೆ ನಿಧಾನಕ್ಕೆ. ಆಮೇಲೆ ಗುಡುಗಮ್ಮನ ಕಡೆ ತಿರುಗಿ, "ಮುಂದಿನ ಬೇಸಿಗೆ ಆ ಮೂಲೆಗೆ ಮೂರು ಸಲ ಬಿಸಿಲು ತೋರಿಸಿಲ್ಲ ಅಂದ್ರೆ ನಿನ್ನನ್ನೇ ತಗಡಿನ ಮೇಲೆ ಹರಡ್ತೀನಿ. ಎರಡೂ ಮಗ್ಗುಲು."

ಮುಂದಿನ ಬೇಸಿಗೆ ಎಂಬ ಮಾತು ಅರ್ಥವಾಗಲು ಎಲ್ಲರಿಗೂ ಒಂದು ಗಳಿಗೆ ಹಿಡಿಯುತ್ತದೆ. ಅರ್ಥವಾದ ಮೇಲೆ ಯಾರೋ ಕಿಸಕ್ಕನೆ ನಗುತ್ತಾರೆ. ಗುಡುಗಮ್ಮನ ಗಂಟಲು ಮರಳಿ ಬರುತ್ತದೆ. "ನನ್ನನ್ನು ಹರಡೋಕೆ ಎರಡು ತಗಡು ಬೇ‌ಕು ಯಜಮಾನ್ರೇ!" ಕಂಬಳಿಯಕ್ಕ ಮಾತ್ರ ಎದ್ದು ಹೋಗಿ ಅವಳ ಎದುರು ನಿಲ್ಲುತ್ತಾಳೆ. ಬೈಯುತ್ತಾಳೋ ಎಂದು ಎಲ್ಲರೂ ನೋಡುತ್ತಿದ್ದಾರೆ.

"ಸುಮ್ನೆ ಇದ್ದಿದ್ರೆ ನಿನ್ನ ಹೆಸರೇ ಬರ್ತಿರ್ಲಿಲ್ಲ" ಎನ್ನುತ್ತಾಳೆ.

"ಸುಮ್ನಿರೋದು ನನಗೆಲ್ಲಿ ಬರುತ್ತೆ?" ಎನ್ನುತ್ತಾಳೆ ಗುಡುಗಮ್ಮ, ಮತ್ತೆ ಮೂಗು ಒರೆಸಿಕೊಂಡು.

ಮಧ್ಯಾಹ್ನ ಮಗಳು ಬುತ್ತಿ ಹಿಡಿದು ಬರುತ್ತಾಳೆ, ಬಸುರಿಯ ಅಗಲ ಹೆಜ್ಜೆ ಹಾಕಿಕೊಂಡು. ಪಕ್ಕದಲ್ಲಿ ಮೂರು ವರ್ಷದ ಮೊಮ್ಮಗ. ಯಾವಾಗಲೂ ಬೀದಿಯ ಆಚೆ ಬದಿಯಲ್ಲೇ ನಿಲ್ಲುತ್ತಿದ್ದವನು. ಒಂದು ಇಡೀ ಬೇಸಿಗೆ ಗುಳಿಗೆ ಹಾಕಿಲ್ಲ, ಗೋಡೆಗೆ ಸುಣ್ಣ ಬಿದ್ದಿದೆ, ಹಗಲೆಲ್ಲ ಗಾಳಿಯಾಡಿದೆ. ಡಾಕ್ಟರಮ್ಮ ಹೋದ ವಾರ ಬಂದು ಮೂಲೆಮೂಲೆ ನೋಡಿ, ಇನ್ನು ಕರೆದುಕೊಂಡು ಬರಬಹುದು ಎಂದಿದ್ದಾರೆ. ಆದರೂ ಹೊಸ್ತಿಲಲ್ಲಿ ತಾಯಿಯ ಕೈ ಅವನನ್ನು ಬಿಡುವುದಿಲ್ಲ. "ಅಮ್ಮ, ನಿಜವಾಗ್ಲೂ?" ಎಂದು ಕೇಳುತ್ತಾಳೆ. ಕಂಬಳಿಯಕ್ಕ ತಲೆಯಾಡಿಸುತ್ತಾಳೆ.

ಕೈ ಬಿಟ್ಟದ್ದೇ ತಡ, ಹುಡುಗ ಓಡಿ ಬಂದು ನೆಲದ ಮೇಲೆ ರಾಶಿ ಬಿದ್ದಿದ್ದ ಕಂಬಳಿಗಳ ಮೇಲೆ ಹಾರುತ್ತಾನೆ. ಮುಳುಗುತ್ತಾನೆ, ಏಳುತ್ತಾನೆ, ಉರುಳುತ್ತಾನೆ. ಒಂಬತ್ತು ಹೆಂಗಸರು ಬುತ್ತಿ ಬಿಚ್ಚುವುದನ್ನು ಮರೆತು ಸುತ್ತ ನಿಂತು ನೋಡುತ್ತಾರೆ. ಅವರಲ್ಲಿ ಒಬ್ಬಳ ಕಣ್ಣು ಉಳಿದವರಿಗಿಂತ ಹೆಚ್ಚು ಹೊತ್ತು ಅವನ ಮೇಲೆ ನಿಂತಿದೆಯೋ ಏನೋ, ಯಾರೂ ಗಮನಿಸುವುದಿಲ್ಲ. ಉರುಳಾಟ ತುಸು ನಿಲ್ಲುತ್ತದೆ. ಹುಡುಗ ಕಾಲು ಜೋಡಿಸಿ, ಏನೋ ಯೋಚಿಸುವವನಂತೆ ಮಾಡು ನೋಡುತ್ತ ನಿಂತುಬಿಡುತ್ತಾನೆ.

"ಅಯ್ಯೋ, ಅಯ್ಯೋ, ಅದು ಹೊಸ ಬಿಳಿ ಕಂಬಳಿ ಕಣ್ರಮ್ಮ!" ಎಂದು ಯಜಮಾನರು ಕೂಗುವಷ್ಟರಲ್ಲಿ ಕೆಲಸ ಮುಗಿದಿದೆ.

ಮಗಳು ನಾಚಿ ಓಡಿ ಬರುತ್ತಾಳೆ. ಅವಳಿಗಿಂತ ಮೊದಲು ಕಂಬಳಿಯಕ್ಕ ಮೊಣಕಾಲೂರಿ ಕೂತಾಗಿದೆ. ರಕ್ತ ಒಡೆಯತೊಡಗಿದರೆ ಮೊದಲು ಹೇಳುವುದು ಉಚ್ಚೆ. ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೂರು ವರ್ಷದಿಂದ ಆ ಮನೆಯಲ್ಲಿ ಬೆಳಗಾಗುವುದೇ ಅದನ್ನು ನೋಡಿ. ಆಕೆ ಕಂಬಳಿಯ ಒದ್ದೆಯಾದ ಭಾಗವನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅತ್ತಿತ್ತ ವಾಲಿಸಿ ನೋಡುತ್ತಾಳೆ. ಆಮೇಲೆ ಮೊಮ್ಮಗನನ್ನು ಎಳೆದು ಸೊಂಟಕ್ಕೇರಿಸಿಕೊಂಡು, ಒದ್ದೆ ಕಂಬಳಿಯನ್ನು ಯಜಮಾನರ ಮುಂದೆ ಹಿಡಿಯುತ್ತಾಳೆ.

"ತೊಳೆದು ಕೊಡ್ತೀನಿ ಯಜಮಾನ್ರೇ. ಅದಕ್ಕೆ ಮೊದ್ಲು ಒಂಚೂರು ನೋಡಿ. ನೀರು ನೀರಿನ ಹಾಗಿದೆ."